ಭಾಗ್ಯಾಳ ಮೈಯಲ್ಲಿ ಹಾಲೇಶನ ರಕ್ತ

ಭಾಗ್ಯಾ ಹುಟ್ಟಿದಾಗ ಅವಳ ರಕ್ತದ ಗುಂಪು ಬಿ ಪಾಸಿಟಿವ್. ಈಗ ಓ ಪಾಸಿಟಿವ್. ಸಾವಳಗಿಯ ನಮ್ಮ ಹೈಸ್ಕೂಲಿಗೆ ಒಮ್ಮೆ ಆರೋಗ್ಯ ತಪಾಸಣೆಯವರು ಬಂದಾಗ ಇದು ಹೊರಗೆ ಬಿತ್ತು. ಗುಂಪು ಯಾವುದೆಂದು ನರ್ಸ್ ಕೇಳಿದ್ದಕ್ಕೆ ಭಾಗ್ಯಾ, "ಮೊದಲ ಬಿ ಇತ್ತು, ಈಗ ಓ ಐತ್ರಿ" ಅಂದಳು. ನರ್ಸ್ ನಕ್ಕುಬಿಟ್ಟಳು.

"ವಿಜ್ಞಾನದ ಟೀಚರ್ ಆಗಿ ಹಿಂಗ ಹೇಳತೀರಲ್ರೀ. ಗುಂಪು ಎಲ್ಲ್ಯಾರ ಬದಲಾಗತೈತೇನು?"

"ನಂದು ಬದಲಾಗೇತ್ರಿ" ಎಂದಳು ಭಾಗ್ಯಾ, ಅಷ್ಟೇ. ನಗಲಿಲ್ಲ.

ನಾನು ಅದೇ ಶಾಲೆಯ ಕನ್ನಡ ಟೀಚರ್. ಜಮಖಂಡಿಯಿಂದ ಸಾವಳಗಿಗೆ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿಬರುತ್ತೇವೆ. ಸೀಟು ಸಿಕ್ಕ ದಿನಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ, ಅವಳು ತನ್ನ ಅಣ್ಣನ ವಿಷಯ ಹೇಳಿದಳು. ಅವಳು ಹೇಳಿದ ಕ್ರಮದಲ್ಲಿ ಅಲ್ಲ, ನಡೆದ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಅವರದು ಹುನ್ನೂರಿನ ಕುರಿಗಾರರ ಮನೆ, ಬೀರೇಶ್ವರನ ಒಕ್ಕಲು. ತಂದೆ ಗಿರಮಲ್ಲಪ್ಪ ಕುರಿಗಳ ಜೊತೆ ತಿರುಗಾಡಿಯೇ ಬದುಕಿದವನು. ಭಾಗ್ಯಾ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾಗ ಅವನು ತೀರಿಕೊಂಡ. ಅಣ್ಣ ಹಾಲೇಶ ಶಾಲೆ ಬಿಟ್ಟು ತಂದೆಯ ಕಂಬಳಿ ಹೆಗಲಿಗೆ ಹಾಕಿಕೊಂಡ. ಮಳೆಗಾಲ ಮುಗಿದ ಮೇಲೆ ಕುರಿ ಹೊಡೆದುಕೊಂಡು ಹೊರಟರೆ ಮುಧೋಳ, ಬೀಳಗಿ, ಹೊಳೆದಂಡೆಯ ಹೊಲಗಳು ಎಂದು ತಿಂಗಳುಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಕೊಯ್ಲಾದ ಹೊಲಗಳಲ್ಲಿ ರಾತ್ರಿ ಕುರಿ ತರುಬಿ ಕೂಡಿಹಾಕುವುದು, ಹಿಕ್ಕೆಯಿಂದ ಹೊಲಕ್ಕೆ ಗೊಬ್ಬರವಾದ ಮೇಲೆ ಮುಂದಿನ ಹೊಲಕ್ಕೆ ಹೋಗುವುದು. ಬರುವಾಗ ತಂಗಿಗೆ ಅಂಗಿಯ ಕಿಸೆಯಲ್ಲಿ ಕಾರೆಹಣ್ಣು, ಬಾರೆಹಣ್ಣು. ಅರ್ಧ ನುಜ್ಜಾಗಿರುತ್ತಿದ್ದವು.

"ನಮ್ಮಣ್ಣ ಮನ್ಯಾಗ ಇದ್ದದ್ದಕ್ಕಿಂತ ಇಲ್ಲದ್ದು ಹೆಚ್ಚರೀ" ಅನ್ನುತ್ತಾಳೆ ಭಾಗ್ಯಾ. "ಹಿಂಗಾಗಿ ಅವನ ಹಾದಿ ನೋಡೂದು ನನಗ ಸಣ್ಣಾಕಿ ಇದ್ದಾಗಿಂದ ರೂಢಿ."

ಅವಳು ಜಮಖಂಡಿಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ ಓದುವಾಗ ಮೊಣಕಾಲ ಕೆಳಗೆ ನೀಲಿ ಕಲೆಗಳು ಬಿದ್ದವು. ಎಲ್ಲಿಯೂ ತಾಗಿಸಿಕೊಂಡ ನೆನಪಿಲ್ಲ. ಹಲ್ಲುಜ್ಜಿದರೆ ಒಸಡಿನಿಂದ ರಕ್ತ ನಿಲ್ಲುತ್ತಿರಲಿಲ್ಲ. ಕಾಲೇಜಿನ ಮೆಟ್ಟಿಲು ಹತ್ತುವಾಗ ನಡುವೆ ಕೂರಬೇಕಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಕೆಂಪು ಕಣ, ಬಿಳಿ ಕಣ, ಪ್ಲೇಟ್ಲೆಟ್ಟು, ಮೂರೂ ಇಳಿದಿದ್ದವು. ಅಲ್ಲಿಂದ ಬೆಳಗಾವಿ, ಅಲ್ಲಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆ. ಸೊಂಟದ ಎಲುಬಿಗೆ ಸೂಜಿ ಹಾಕಿ ಮಜ್ಜೆ ತೆಗೆದು ನೋಡಿದರು. ರಕ್ತ ತಯಾರಾಗುವ ಜಾಗ ಖಾಲಿಯಾಗಿ, ಬರೀ ಕೊಬ್ಬು ತುಂಬಿಕೊಂಡಿತ್ತು. ಅಪ್ಲಾಸ್ಟಿಕ್ ಅನೀಮಿಯಾ ಎಂದರು.

ಅಲ್ಲಿ ನೋಡಿಕೊಂಡವರು ಡಾಕ್ಟರ್ ರಾಜೇಶ್ವರಿ. ಮುಧೋಳದವರು. ಇವರ ಮಾತು ಕೇಳಿದ್ದೇ ಅವರ ಮಾತೂ ಊರಿನ ಮಾತಾಯಿತು. ಹಾಲೇಶ ಮತ್ತು ತಾಯಿ ಯಲ್ಲಕ್ಕನನ್ನು ಎದುರು ಕೂರಿಸಿಕೊಂಡು, ಅವಸರ ಮಾಡದೆ ಹೇಳಿದರು.

"ನಮ್ಮ ರಕ್ತದಾಗ ಟಿ ಕೋಶ ಅಂತ ಅದಾವ. ಮೈ ಕಾಯುವಂಥವು. ಅವಕ್ಕ ಕಣ್ಣಿಲ್ಲ, ಮುಟ್ಟಿ ಮುಟ್ಟಿ ನೋಡೂದಷ್ಟ. ಮುಟ್ಟಾಕ ಅವುಗಳ ಮೈಮ್ಯಾಲ ರಿಸೆಪ್ಟರ್ ಇರತಾವ. ಎರಡು ಎಳಿ ಜೋಡಿಸಿ ಮಾಡಿದ ಸಣ್ಣ ಕೈ ಅನ್ಕೋರಿ. ಮೈಯಾಗಿನ ಪ್ರತಿ ಕೋಶಾನೂ ತನ್ನ ಒಳಗ ಏನೈತಿ ಅಂತ ಒಂದೊಂದು ಚೂರು ಹೊರಗ ಹಿಡದು ತೋರಸತೈತಿ, ಹರಿವಾಣದಾಗ ಇಟ್ಟಂಗ. ಟಿ ಕೋಶ ಬಂದು ಆ ಚೂರೂ ಮುಟ್ಟತೈತಿ, ಹರಿವಾಣಾನೂ ಮುಟ್ಟತೈತಿ. ಮನೀದ ಇದ್ರ ಮುಂದ ಹೋಗತೈತಿ. ರೋಗದ ಚೂರು ಸಿಕ್ಕು, ಕೈಗೆ ಸರಿಯಾಗಿ ಕುಂತ್ರ, ಒಳಗ ಸುದ್ದಿ ಮುಟ್ಟತೈತಿ. ಆಗ ಹೊಡಿಯಾಕ ಸುರು."

"ಎಲ್ಲಾ ಕೈ ಒಂದ ನಮೂನಿ ಇರತಾವೇನ್ರೀ?" ಎಂದು ಹಾಲೇಶ ಕೇಳಿದ.

"ಇಲ್ಲ. ಒಂದೊಂದು ಕೋಶಕ್ಕ ಒಂದೊಂದು ನಮೂನಿ. ಯಾವ ರೋಗ ಯಾವಾಗ ಬರತೈತೋ ಯಾರಿಗೆ ಗೊತ್ತು? ಅದಕ್ಕ ದೇಹ ತುಂಡು ತುಂಡು ಕೂಡಿಸಿ ಕೋಟಿಗಟ್ಟಲೆ ಕೈ ಮಾಡಿ ಇಟ್ಟಿರತೈತಿ. ಹಂಗ ಮಾಡುವಾಗ ಮನಿ ಮಂದೀಗೆ ಬಡಿಯೂ ಕೈನೂ ಹುಟ್ಟತಾವ. ಎದಿ ಎಲುಬಿನ ಹಿಂದ ಥೈಮಸ್ ಅಂತ ಒಂದು ಗ್ರಂಥಿ ಐತಿ, ಅದು ಇವಕ್ಕ ಸಾಲಿ ಇದ್ದಂಗ. ಮನಿ ಮಂದೀಗೆ ಬಡಿಯಾಕ ಹೋಗೂವು ಅಲ್ಲೇ ಸಾಯತಾವ. ಆದರೂ ಕೆಲವು ತಪ್ಪಿಸಿಕೊಂಡು ಹೊರಗ ಬರತಾವ."

ಹಾಲೇಶ ಮುಂದಕ್ಕೆ ಬಾಗಿ ಹೇಳಿದ. "ಈದ ಕುರಿ ಮರಿ ಮೂಸಿದಂಗ ಆತಲ್ರೀ ಇದು. ತನ್ನ ಮರಿ ಇದ್ರ ಹಾಲು ಕುಡಸತೈತಿ, ಬ್ಯಾರೇದ ಇದ್ರ ಹಾಯತೈತಿ."

"ಹೌದು ನೋಡ್ರಿ. ಈಗ ನಿಮ್ಮ ತಂಗಿ ಮೈಯಾಗ ಕುರಿ ತನ್ನ ಮರೀಗೇ ಹಾಯಾಕತ್ತೇತಿ. ಆಕಿ ಟಿ ಕೋಶನ ಆಕಿ ಮಜ್ಜಿ ಹಾಳು ಮಾಡ್ಯಾವ."

ಗಟ್ಟಿಯಾದ ದಾರಿ ಒಂದೇ ಎಂದರು. ಅವಳ ಹಳೆಯ ಟಿ ಕೋಶಗಳನ್ನು ಔಷಧಿಯಿಂದ ಅಳಿಸಿ, ಹೊಂದುವವರ ಮಜ್ಜೆ ತಂದು ಹಾಕುವುದು. ಇಬ್ಬರ ಕೋಶಗಳ ಹರಿವಾಣಗಳೂ ಒಂದೇ ತರಹ ಇರಬೇಕು. ಒಡಹುಟ್ಟಿದವರಲ್ಲೂ ನಾಲ್ವರಲ್ಲಿ ಒಬ್ಬರದು ಹೊಂದಿದರೆ ಪುಣ್ಯ. ಭಾಗ್ಯಾಳಿಗೆ ಇದ್ದವನು ಒಬ್ಬನೇ ಅಣ್ಣ. ಪರೀಕ್ಷೆಯ ಫಲ ಬರುವವರೆಗೆ ಯಲ್ಲಕ್ಕ ಮನೆದೇವರು ಬೀರಪ್ಪನ ಹೆಸರು ಬಿಟ್ಟು ಬೇರೆ ಮಾತಾಡಲಿಲ್ಲ. ಹಾಲೇಶನದು ಪೂರ್ತಿ ಹೊಂದಿತು.

"ಡಾಕ್ಟರ್, ನನ್ನ ಮಜ್ಜಿ ಹೋದಮ್ಯಾಲ ಆಕಿ ನನ್ನಂಗ ಆಗತಾಳೇನ್ರೀ? ಮೀಸಿ ಗೀಸಿ ಬಂದ್ರ ನಮ್ಮವ್ವ ನನಗ ಬಿಡೂದಿಲ್ಲ ಮತ್ತ" ಎಂದ ಹಾಲೇಶ. ಎಷ್ಟೋ ದಿನಗಳ ಮೇಲೆ ಭಾಗ್ಯಾ ನಕ್ಕದ್ದು ಆಗ.

ಹಾಲೇಶನಿಂದ ತೆಗೆದ ಮಜ್ಜೆಯನ್ನು ಬಾಟಲಿಯಲ್ಲಿ ರಕ್ತ ಏರಿಸಿದ ಹಾಗೆಯೇ ಏರಿಸಿದರಂತೆ. ಅದು ತಾನೇ ದಾರಿ ಹುಡುಕಿಕೊಂಡು ಎಲುಬಿನೊಳಗೆ ಹೋಗಿ ನೆಲೆಯಾಗುತ್ತದೆ. ಕುರಿಗಳನ್ನು ದೊಡ್ಡಪ್ಪನ ಮಕ್ಕಳಿಗೆ ಒಪ್ಪಿಸಿ ಬಂದಿದ್ದ ಹಾಲೇಶ ಆಸ್ಪತ್ರೆ ಬಿಟ್ಟು ಹೋಗಲಿಲ್ಲ. ಕೆಲವು ವಾರಗಳಲ್ಲಿ ಬಿಳಿ ಕಣಗಳು ಏರತೊಡಗಿದವು. ಎಲ್ಲರೂ ಹಗುರಾದರು. ಆಮೇಲೆ ಭಾಗ್ಯಾಳ ಅಂಗೈ ಅಂಗಾಲು ಕೆಂಪಾಗಿ ಉರಿಯತೊಡಗಿದವು. ಬಾಯಿ ಹುಣ್ಣಾಯಿತು, ಅನ್ನ ಒಳಗೆ ನಿಲ್ಲದಾಯಿತು. ಮಜ್ಜೆಯ ಜೊತೆ ಬಂದಿದ್ದ ಅಣ್ಣನ ಟಿ ಕೋಶಗಳು ತಂಗಿಯ ಮೈಯನ್ನು ಪರರದೆಂದು ತಿಳಿದಿದ್ದವು.

ಹಾಲೇಶನಿಗೆ ಇದು ತಡೆಯಲಾಗಲಿಲ್ಲ. "ನನ್ನ ರಕ್ತ ನನ್ನ ತಂಗೀಗೆ ಹೊಡಿಯಾಕತ್ತೇತೇನ್ರೀ?"

"ಅವು ನಿಮ್ಮ ಮೈಯಾಗ ಸಾಲಿ ಕಲತು ಬಂದಾವ. ಈ ಮನಿ ಇನ್ನೂ ಅವಕ್ಕ ಗುರುತಿಲ್ಲ" ಎಂದರು ಡಾಕ್ಟರ್. "ಔಷಧ ಕೊಟ್ಟು ಅವನ್ನ ತಣ್ಣಗ ಮಾಡತೇವಿ. ಮುಂದ ನಿಮ್ಮ ಮಜ್ಜಿಯಿಂದ ಹೊಸಾವು ಹುಟ್ಟತಾವ. ಅವು ಆಕಿ ಥೈಮಸ್‌ನಾಗ ಕಲೀತಾವ. ಆಕಿ ಸಣ್ಣಾಕಿ, ಸಾಲಿ ಇನ್ನೂ ತೆರದೈತಿ. ಆಕಿ ಮನೀನ ತಮ್ಮ ಮನಿ ಅಂತ ತಿಳೀತಾವ."

ಭಾಗ್ಯಾಳ ಕೋಣೆಗೆ ಗಾಜಿನ ಬಾಗಿಲು. ಒಳಗೆ ಯಾರೂ ಹೋಗುವಂತಿರಲಿಲ್ಲ. ಹಾಲೇಶ ಹೊರಗೆ ನಿಂತು ಗಾಜಿಗೆ ಬಾಯಿ ಹಚ್ಚಿ ಕುರಿಗಳನ್ನು ಗದರಿಸುವ ಹಾಗೆ ಗದರಿಸುತ್ತಿದ್ದನಂತೆ. "ಏ, ಸುಮ್ನಿರ್ರಲೇ! ನಮ್ಮ ತಂಗಿ ಐತಿ ಅದು!" ನರ್ಸುಗಳು ಬಂದು ಅವನನ್ನೇ ಗದರಿಸುತ್ತಿದ್ದರು. ಔಷಧಿಗೋ ಗದರಿಕೆಗೋ, ಚರ್ಮದ ಉರಿ ನಿಧಾನವಾಗಿ ಇಳಿಯಿತು.

ವರುಷವೊಂದು ಕಳೆಯುವ ಹೊತ್ತಿಗೆ ಅವಳ ರಕ್ತದ ಗುಂಪು ಹಾಲೇಶನ ಹಾಗೆಯೇ ಓ ಆಗಿತ್ತು. ಭಾಗ್ಯಾ ಕಾಲೇಜಿಗೆ ಮರಳಿದಳು, ಬಿ.ಇಡಿ ಮಾಡಿದಳು, ಸಾವಳಗಿಗೆ ಟೀಚರಾಗಿ ಬಂದಳು. ಹಾಲೇಶ ಮತ್ತೆ ಕುರಿಗಳ ಜೊತೆ ಹೋದ. ಫೋನಿನಲ್ಲಿ ಅವನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಹ್ಯಾಂಗ ಅದಾವ ನನ್ನವು?" ತನ್ನ ಕೋಶಗಳ ಯೋಗಕ್ಷೇಮ ಕೇಳಿ ಆಮೇಲೆ ತಂಗಿಯದು.

ಹೊಳೆಗೆ ಮಹಾಪೂರ ಬಂದ ವರ್ಷ ಹುನ್ನೂರಿನ ಕಡೆ ಮಳೆಯಿಲ್ಲದೆ ಮೇವು ಸಾಲದ್ದಕ್ಕೆ, ಮಳೆಗಾಲದಲ್ಲೇ ಹಾಲೇಶನ ಕುರಿಗಳು ರಬಕವಿಯ ಆಚೆ, ಹೊಳೆದಂಡೆಯಲ್ಲಿ ಅಂದಾನೆಪ್ಪ ಎಂಬ ರೈತರ ಹೊಲದಲ್ಲಿದ್ದವು. ಮೇಲಿನ ಘಟ್ಟದಲ್ಲಿ ಮಳೆ ಹಿಡಿದು ಕೃಷ್ಣೆ ಏರುತ್ತಿದ್ದಳು. ಬೆಳಕು ಹರಿದ ಮೇಲೆ ನೋಡಿದರೆ ಕಬ್ಬಿನ ಸಾಲಿನಲ್ಲಿ ನೀರು. ಹಾಲೇಶ ಕುರಿಗಳನ್ನು ಎತ್ತರದ ರಸ್ತೆಗೆ ಹೊಡೆದ. ಈದ ಕುರಿಗಳು ಮರಿ ಬಿಟ್ಟು ಬರಲೊಲ್ಲದೆ ಹಿಂದೆ ಉಳಿದಿದ್ದವು.

"ಬ್ಯಾಡೋ ತಮ್ಮಾ, ಹೋದ್ರ ಹೋಗ್ಲಿ ಅಂದೆ" ಎಂದು ಅಂದಾನೆಪ್ಪ ಆಮೇಲೆ ಭಾಗ್ಯಾಳಿಗೆ ಹೇಳಿದರು. "ಒಂದ ಸಲ ಹೋಗಿ ಮರಿ ಹೊತ್ಕೊಂಡು ಬಂದ. ಇನ್ನೂ ಎರಡು ಅದಾವು ಅಂತ ಮತ್ತ ಇಳದ. ಟೊಂಕಮಟ ನೀರು ಇತ್ತವ್ವಾ, ಅಷ್ಟ. ಅಲ್ಲೆ ಒಡ್ಡು ಒಡೀತು." ಅವರು ಟವೆಲಿನಿಂದ ಮುಖ ಮುಚ್ಚಿಕೊಂಡರು.

ದೋಣಿಯವರು ಹುಡುಕಿದರು. ಹಾಲೇಶ ಸಿಗಲಿಲ್ಲ. ನೀರು ಇಳಿದ ಮೇಲೆ ಕಬ್ಬಿನ ಗದ್ದೆ, ಜಾಲಿಕಂಟಿ ಎಲ್ಲ ನೋಡಿದರು. ಅಲ್ಲಿಯೂ ಇಲ್ಲ.

ಯಲ್ಲಕ್ಕನಿಗೆ ಮಗ ಸತ್ತಿದ್ದಾನೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹೇಳಿದರೂ ಅವಳು ಒಪ್ಪುತ್ತಿರಲಿಲ್ಲ. "ಈದ ಕುರಿ ಹೋದುವಂತ ನಾಚಿಕಿ ಆಗಿ ಎಲ್ಲೋ ದೂರ ಕೂಲಿಗೆ ಹೋಗ್ಯಾನ. ಬರತಾನ" ಎನ್ನುತ್ತಿದ್ದಳು. ಅವನ ಕಂಬಳಿಯನ್ನು ಬಿಸಿಲಿಗೆ ಹಾಕಿ ಝಾಡಿಸಿ ಮಡಚಿಡುತ್ತಿದ್ದಳು. ಭಾಗ್ಯಾಳಿಗೆ ತಿಳಿದಿತ್ತು, ತಿಳಿದೂ ತಿಳಿಯದ ಹಾಗಿತ್ತು. ತಿಂಗಳುಗಟ್ಟಲೆ ಬಾರದ ಅಣ್ಣ ಒಂದು ದಿನ ಬಾಗಿಲಲ್ಲಿ ನಿಂತಿರುವುದು ಅವಳ ಬಾಲ್ಯದಲ್ಲಿ ಎಷ್ಟು ಸಲ ನಡೆದಿರಲಿಲ್ಲ? ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಕಂಬಳಿ ಹೊದ್ದ ಯಾರಾದರೂ ಬೆನ್ನು ತಿರುಗಿಸಿ ನಿಂತಿದ್ದರೆ, ಮುಂದೆ ಹೋಗಿ ಮುಖ ನೋಡಿ ಬರುತ್ತಿದ್ದಳು.

ಆಮೇಲೆ ಬೀಳಗಿ ಕಡೆಯ ಹಿನ್ನೀರಿನಲ್ಲಿ, ಮುಳ್ಳುಕಂಟಿಗೆ ಸಿಕ್ಕ ಒಂದು ಗಂಡಸಿನ ಹೆಣ ದೊರೆಯಿತು. ಗುರುತು ಹಿಡಿಯುವ ಹಾಗಿರಲಿಲ್ಲ. ಆ ಪೂರದಲ್ಲಿ ಕಾಣೆಯಾದವರು ಬೇರೆ ಊರುಗಳಲ್ಲೂ ಇದ್ದರು. ಪೊಲೀಸರು ಹಲ್ಲೊಂದನ್ನು ಪರೀಕ್ಷೆಗೆ ಇಟ್ಟುಕೊಂಡು ಹೆಣವನ್ನು ಮಣ್ಣು ಮಾಡಿ, ಹತ್ತಿರದವರ ರಕ್ತ ಬೇಕೆಂದು ಹೇಳಿಕಳಿಸಿದರು. ಯಲ್ಲಕ್ಕ ಸೂಜಿಗೆ ಕೈ ಕೊಡಲಿಲ್ಲ.

"ನಾ ರಕ್ತ ಕೊಟ್ರ, ಅಂವ ಸತ್ತಾನ ಅಂತ ನಾನ ಒಪ್ಪಿಕೊಂಡಂಗ. ಕೊಡೂದಿಲ್ಲ."

ಭಾಗ್ಯಾ ಹೋಗಿ ಕೊಟ್ಟಳು. ಬೀಳಗಿಯ ಸರಕಾರಿ ದವಾಖಾನೆಯಲ್ಲಿ ತೋಳು ಚಾಚಿ ಕೂತಾಗ ಅವಳ ಮನಸ್ಸು ಆ ಹಲ್ಲಿನ ಮೇಲಿತ್ತು. ಹಾಲೇಶನ ಮುಂದಿನ ಹಲ್ಲು ಸ್ವಲ್ಪ ವಾರೆ ಇತ್ತು, ಕೇಳಬೇಕಿತ್ತೇ ಎಂದುಕೊಳ್ಳುತ್ತಿದ್ದಳು. ತಿರುಗಿ ಬರುವಾಗ ಬಸ್ಸು ಬೀಳಗಿ ದಾಟಿ ಮುಧೋಳದ ದಾರಿ ಹಿಡಿದ ಮೇಲೆ ಇದ್ದಕ್ಕಿದ್ದ ಹಾಗೆ ಹೊಳೆಯಿತು. ಡಿಎನ್‌ಎ ತೆಗೆಯುವುದು ಬಿಳಿ ಕಣಗಳಿಂದ. ತನ್ನ ಬಿಳಿ ಕಣಗಳು ತನ್ನವಲ್ಲ. ಹೆಣ ಬೇರೆ ಯಾರದೋ ಆಗಿದ್ದರೆ ಸಂಬಂಧವಿಲ್ಲ ಎಂದು ಬರುತ್ತದೆ. ಹಾಲೇಶನದೇ ಆಗಿದ್ದರೆ ಅಣ್ಣತಂಗಿ ಎಂದು ಬರುವುದಿಲ್ಲ. ಇಬ್ಬರೂ ಒಬ್ಬನೇ ಎಂದು ಬರುತ್ತದೆ.

ಅಂದಿನಿಂದ ಅವಳು ಫೋನಿನ ಸದ್ದಿಗೆ ಹೆದರತೊಡಗಿದಳು. ಸಂಬಂಧವಿಲ್ಲ ಎಂದೇ ಬರಲಿ ಎಂದು ಬೇಡಿಕೊಂಡಳು.

ಪ್ರಕರಣ ನೋಡಿಕೊಳ್ಳುತ್ತಿದ್ದವರು ದುರಗೇಶ ಎಂಬ ಹವಾಲ್ದಾರರು, ಸಮಾಧಾನದ ಮನುಷ್ಯ. ಅವರು ಫೋನ್ ಮಾಡಿದಾಗ ಶಾಲೆಯಲ್ಲಿ ಊಟದ ಬಿಡುವು. ನಾನು ಪಕ್ಕದಲ್ಲೇ ಇದ್ದೆ.

"ಟೀಚರ್, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಿಮ್ಮ ಸ್ಯಾಂಪಲ್ ಅದಲ್ಬದಲ್ ಆಗೇತಿ ಕಾಣಸತೈತಿ. ನೀವು ಕೊಟ್ಟ ರಕ್ತ ಗಂಡಸಿಂದು ಅಂತ್ರಿ. ಆ ಸತ್ತಾವಂದ ರಕ್ತ ಅದು, ಒಂದು ಕೂದಲೆಳಿನೂ ಫರಕ ಇಲ್ಲ ಅಂತ ಬರದಾರ. ಇನ್ನೊಮ್ಮೆ ಬಂದು ಕೊಡಬೇಕಾಗತೈತ್ರಿ."

ಭಾಗ್ಯಾ ಊಟದ ಡಬ್ಬಿಯ ಮುಚ್ಚಳ ಮುಚ್ಚಿದಳು. ಆ ಕಡೆಯಿಂದ ಹಲೋ ಹಲೋ ಎನ್ನುತ್ತಿದ್ದರು. ಕೊನೆಗೆ ಅವಳೇ ಹೇಳಿದಳು: "ಅದಲ್ಬದಲ್ ಆಗಿಲ್ರಿ. ಅಂವ ನಮ್ಮಣ್ಣ."

ದುರಗೇಶ ಅವರಿಗೆ ಅವಳು ಬಿಡಿಸಿ ಹೇಳಿದಳು. ಬೆಂಗಳೂರಿನಿಂದ ಡಾಕ್ಟರ್ ರಾಜೇಶ್ವರಿ ಪ್ರಯೋಗಾಲಯದವರ ಜೊತೆ ಮಾತಾಡಿದರು. ಮಜ್ಜೆ ಬದಲಾದರೂ ಕೂದಲ ಬುಡ ಬದಲಾಗುವುದಿಲ್ಲ. ಭಾಗ್ಯಾಳ ಕೂದಲನ್ನು ಬುಡಸಹಿತ ಕಿತ್ತು ಕಳಿಸಿದರು. ರಕ್ತ ಅವನೇ ಎಂದಿತ್ತು, ಕೂದಲು ಅವನ ತಂಗಿ ಎಂದಿತು. ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ತಾಯಿಗೆ ಹೇಳುವುದು ಭಾಗ್ಯಾಳ ಪಾಲಿಗೆ ಬಂತು. ಹುನ್ನೂರಿನ ಮನೆಯ ಪಡಸಾಲೆಯಲ್ಲಿ ಯಲ್ಲಕ್ಕ ಜೋಳ ಹಸನು ಮಾಡುತ್ತಿದ್ದಳು.

"ಯವ್ವಾ, ಅಣ್ಣ ಸಿಕ್ಕಾನ."

ಯಲ್ಲಕ್ಕ ಮುಖ ಎತ್ತಿ ಮಗಳನ್ನು ನೋಡಿದಳು. ಎಲ್ಲಿ ಎಂದು ಕೇಳಲಿಲ್ಲ. ಮೊರದಲ್ಲಿದ್ದ ಜೋಳವನ್ನು ಬೆರಳಿನಿಂದ ಸರಿಸುತ್ತ ಕೂತಳು. "ಯಾರು ಹೇಳಿದ್ರು, ಅಂವನ ಅಂತ?" ಎಂದಳು.

"ಅಂವನ ಹೇಳಿದ, ಯವ್ವಾ. ನನ್ನ ಮೈಯಾಗಿನ ಅವನ ರಕ್ತ ಹೇಳಿತು."

ಯಲ್ಲಕ್ಕ ಅಳಲಿಲ್ಲ. ಮಗಳ ಕೈ ಎಳೆದುಕೊಂಡು, ಮಣಿಕಟ್ಟಿನ ಮೇಲೆ ಹೆಬ್ಬೆರಳು ಇಟ್ಟು, ನಾಡಿ ಹೊಡೆದುಕೊಳ್ಳುವುದನ್ನು ನೋಡಿದಳು.

"ಎಲ್ಲೆಲ್ಲಿ ಅದಾನಬೇ?"

"ರಕ್ತ ಎಲ್ಲೆಲ್ಲಿ ಹೋಗತೈತಿ, ಅಲ್ಲೆಲ್ಲ."

ಆಮೇಲೆ ಅತ್ತಳು. ಓಣಿಯವರು ಬಂದು ಸೇರುವವರೆಗೆ ಅತ್ತಳು. ಆದರೆ ಕೈ ಬಿಡಲಿಲ್ಲ, ಬಿಡಿಸಲು ಯಾರಿಗೂ ಆಗಲಿಲ್ಲ. ಹಾಲೇಶನನ್ನು ಬೀಳಗಿಯಿಂದ ತಂದು ತಂದೆಯ ಪಕ್ಕದಲ್ಲಿ ಮಣ್ಣು ಮಾಡಿದರು. ಬೀರಪ್ಪನ ಹೆಸರು ಹೇಳಿ ಭಂಡಾರದ ಅರಿಶಿನ ಹಾರಿಸಿದರು. ಅಂದಾನೆಪ್ಪ ರಬಕವಿಯಿಂದ ಬಂದಿದ್ದರು; ಅಂದು ಹಾಲೇಶ ಹೊತ್ತು ತಂದ ಮರಿಗಳು ಕುರಿಯಾಗಿವೆ, ಒಯ್ಯಿರಿ ಎಂದರು. ಯಲ್ಲಕ್ಕ ನಿಮ್ಮಲ್ಲೇ ಇರಲಿ ಎಂದಳು.

ಮುಂದೆ ಕೊರೊನಾ ಬಂತು. ಮಜ್ಜೆ ಹಾಕಿಸಿಕೊಂಡವರು ಬಹಳ ಜೋಪಾನವಾಗಿರಬೇಕೆಂದು ಡಾಕ್ಟರು ಹೇಳಿದ್ದರೂ ಎರಡನೆಯ ಅಲೆಯಲ್ಲಿ ಭಾಗ್ಯಾಳಿಗೆ ಜ್ವರ ಹಿಡಿಯಿತು. ಜಮಖಂಡಿಯ ಬಾಡಿಗೆ ಮನೆಯ ಕೋಣೆಯಲ್ಲಿ ಒಬ್ಬಳೇ ಮಲಗಿದಳು. ಯಲ್ಲಕ್ಕ ಹೊರಗೆ ಕಟ್ಟೆಯ ಮೇಲೆ ಕೂತು ಕಿಟಕಿಯಿಂದ ಗಂಜಿ ಒಳಗಿಡುತ್ತಿದ್ದಳು.

ಹಿಂದೆಂದೂ ಜಗತ್ತು ಕಾಣದ ಆ ರೋಗದ ಚೂರಿಗೆ ಹೊಂದುವ ಕೈ ಇರುವ ಯಾವುದೋ ಒಂದು ಕೋಶ ತನ್ನೊಳಗೆ ತಿರುಗುತ್ತಿರಬೇಕು ಎಂದು ಭಾಗ್ಯಾ ಜ್ವರದಲ್ಲಿ ಯೋಚಿಸುತ್ತಿದ್ದಳಂತೆ. ಅದು ಹುಟ್ಟಿದ್ದು ಅಣ್ಣನ ಮಜ್ಜೆಯಿಂದ, ಕಲಿತದ್ದು ತನ್ನ ಎದೆಯಲ್ಲಿ. ಆ ಒಂದು ಸಿಗಬೇಕು, ಅದು ನೂರಾಗಿ ಸಾವಿರವಾಗಿ ಹೆಚ್ಚಬೇಕು. ಮೈ ಕಾದು ಮುಲುಗುವಾಗ, ಅವು ಹೆಚ್ಚುತ್ತಿವೆ ಎಂದುಕೊಳ್ಳುತ್ತಿದ್ದಳು. ಜ್ವರ ಬಿಟ್ಟಿತು. ನಮ್ಮ ಶಾಲೆಯಲ್ಲೇ ಗಟ್ಟಿಮುಟ್ಟಾಗಿದ್ದ ಒಬ್ಬರು ಅದೇ ತಿಂಗಳು ಹೋಗಿಬಿಟ್ಟರು. ಇವಳು ಉಳಿದಳು.

ಈಗ ಅವಳು ಎಂಟನೆಯ ತರಗತಿಯಿಂದ ಹತ್ತರವರೆಗೆ ವಿಜ್ಞಾನ ಕಲಿಸುತ್ತಾಳೆ. ಯಲ್ಲಕ್ಕ ಅವಳ ಜೊತೆಗೇ ಇದ್ದಾಳೆ. ಮದುವೆಯ ಮಾತುಗಳು ಬರುತ್ತವೆ, ಹೋಗುತ್ತವೆ. ಅದರ ಬಗ್ಗೆ ಅವಳಿಗೆ ದೊಡ್ಡ ಚಿಂತೆ ಇಲ್ಲ.

ಮೊನ್ನೆ ಬಸ್ಸಿನಲ್ಲಿ ನಾನು ಬುದ್ಧಿ ಸಾಲದೆ, ಎಲ್ಲರೂ ಹೇಳುವ ಮಾತನ್ನೇ ಹೇಳಿದೆ. "ಏನ ಅನ್ನು ಭಾಗ್ಯಾ, ನಿಮ್ಮಣ್ಣ ನಿನ್ನೊಳಗ ಅದಾನ. ಹೋಗ್ಯಾನ ಅನ್ನೂ ಹಂಗಿಲ್ಲ."

ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ತೊಗರಿ ಹೊಲದಲ್ಲಿ ಹೂವು ಬಿಟ್ಟಿತ್ತು.

"ಹಂಗಂತ ಭಾಳ ಮಂದಿ ಹೇಳತಾರ್ರೀ. ಖರೇನೂ ಐತಿ. ಸಣ್ಣ ಗಾಯ ಆದ್ರೂ ಅವ ಓಡಿ ಬರತಾವ, ನೆಗಡಿ ಆದ್ರೂ ಅವ ಬರತಾವ. ನನ್ನ ಇಷ್ಟು ಜ್ವಾಕಿ ಮಾಡೂವು ಬ್ಯಾರೆ ಯಾರೂ ಇಲ್ಲ." ಬ್ಯಾಗಿನ ಪಟ್ಟಿ ಸರಿಮಾಡಿಕೊಳ್ಳುತ್ತ ಹೇಳಿದಳು, "ಆದ್ರ ಅವಕ್ಕ ಮಾತು ಬರೂದಿಲ್ಲಲ್ರೀ. ಜ್ವರ ಬಿಟ್ಟ ಮುಂಜಾನಿ ಫೋನ್ ಹಚ್ಚಿ ಹೇಳಬೇಕು ಅನ್ನಿಸಿತು, ನಿನ್ನವು ಗೆದ್ದುವೋ ಯಣ್ಣಾ ಅಂತ. ಯಾರಿಗೆ ಹಚ್ಚಲಿ?"

ಬಸ್ಸು ಸಾವಳಗಿಯ ಅಗಸಿಗೆ, ಊರಬಾಗಿಲಿಗೆ, ಬಂದು ಮುಟ್ಟಿತು. ಇಳಿಯುವವರ ಗದ್ದಲದಲ್ಲಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಬ್ಯಾಗು ಹೆಗಲಿಗೆ ಹಾಕಿಕೊಂಡು ಇಳಿದಳು. ಶಾಲೆಯಲ್ಲಿ ಪ್ರಾರ್ಥನೆಯ ಗಂಟೆ ಆಗಲೇ ಬಾರಿಸುತ್ತಿದ್ದರು.